ಅತ್ತೆಯ ಹಳೆಯ ಇಳಕಲ್ ಸೀರೆಗಳಿಂದ ಮಗಳಿಗೆ ವರ್ಷದ ಹಬ್ಬಗಳ ಕೌದಿ: ಹೇಗೆ ಶುರು ಮಾಡಲಿ?

ಕೆಂಪು_ಸೆರಗು:

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರ ಹಳೆಯ ಇಳಕಲ್ ಸೀರೆಗಳು ಒಂದು ಟ್ರಂಕ್ ತುಂಬ ಇವೆ. ಹೆಚ್ಚಿನವು ಹತ್ತಿಯವು, ಕೆಲವು ಆರ್ಟ್ ಸಿಲ್ಕಿನವು. ಜೊತೆಗೆ ಗುಳೇದಗುಡ್ಡದ ಖಣದ ತುಂಡುಗಳು. ಕುಪ್ಪಸ ಹೊಲಿಸಿ ಉಳಿದ ಅಂಗೈಯಗಲದ ಬಟ್ಟೆಯನ್ನೂ ಅವರು ಎಸೆದವರಲ್ಲ. ಮಾವನವರ ಬಿಳಿ ಧೋತರಗಳೂ ಇವೆ. ಅತ್ತೆಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ‘ನೀನ ಏನರ ಮಾಡವಾ, ನುಸಿ ತಿನ್ನೂದಕ್ಕಿಂತ ಕೂಸು ಹೊತ್ಕೊಳ್ಳಲಿ’ ಅಂತ ಎಲ್ಲವನ್ನೂ ನನ್ನ ಕೈಗೆ ಕೊಟ್ಟಿದ್ದಾರೆ.

ನಾವಿರುವುದು ಬೆಂಗಳೂರಿನಲ್ಲಿ, ಅತ್ತೆ ಇರುವುದು ರೋಣದ ಕಡೆ ಹಳ್ಳಿಯಲ್ಲಿ. ಮಗಳಿಗೆ ಐದು ವರ್ಷ. ರಜೆಗೆ ಹೋದಾಗ ಅಜ್ಜಿ ಮನೆಯಲ್ಲಿ ಮಣ್ಣಿನ ಎತ್ತು ಯಾಕೆ ಮಾಡ್ತಾರೆ, ಬನ್ನಿ ಎಲೆ ಯಾಕೆ ಕೊಡ್ತಾರೆ ಅಂತ ಕೇಳುತ್ತಲೇ ಇರುತ್ತಾಳೆ. ಅದಕ್ಕೇ ಒಂದು ಆಸೆ ಹುಟ್ಟಿದೆ. ಹನ್ನೆರಡು ಚೌಕ, ಹನ್ನೆರಡು ತಿಂಗಳು, ಪ್ರತಿ ತಿಂಗಳಿಗೆ ಆ ಕಡೆಯ ಒಂದೊಂದು ಹಬ್ಬ. ಅವಳು ಹೊದ್ದುಕೊಂಡು ಬೆರಳಿಟ್ಟು ತೋರಿಸಿ ಕಥೆ ಕೇಳುವಂಥದ್ದು ಆಗಬೇಕು.

ನಾನು ಕಲಿತಿರುವುದು ಬ್ಲೌಸ್ ಹೊಲಿಗೆ, ಫಾಲ್ಸ್ ಹಾಕುವುದು ಇಷ್ಟೇ. ಮನೆಯಲ್ಲಿ ಕಾಲು ಮಷಿನ್ ಇದೆ. ನನ್ನ ಪ್ರಶ್ನೆ: ಚೌಕಗಳಲ್ಲಿ ಏನೇನು ಚಿತ್ರ ಬರಬೇಕು? ರೇಷ್ಮೆ ಸೆರಗು, ಹತ್ತಿ ಒಡಲು ಎರಡನ್ನೂ ಸೇರಿಸಬಹುದಾ? ಕೈಯಲ್ಲಿ ಹೊಲಿಯಬೇಕಾ, ಮಷಿನ್ ಆಗುತ್ತಾ? ಒಳಗೆ ಏನು ತುಂಬಬೇಕು? ಇನ್ನೊಂದು ವಿಷಯ, ನಾದಿನಿಗೆ ಈಗ ಏಳು ತಿಂಗಳು. ಉಳಿದ ತುಂಡುಗಳಲ್ಲಿ ಅವಳ ಕೂಸಿಗೂ ಏನಾದರೂ ಮಾಡಬೇಕು ಅಂತಿದೆ.

ಧಾರವಾಡದ_ಸೂಜಿ:

ಓದಿ ತುಂಬಾ ಖುಷಿಯಾಯಿತು. ಚಿತ್ರಗಳ ವಿಷಯ ನಾನು ಹೇಳುತ್ತೇನೆ, ಮಷಿನ್ ವಿಷಯ ಬೇರೆಯವರು ಹೇಳಲಿ.

ಮೊದಲ ಮಾತು, ದೇವರ ಮೂರ್ತಿ ಯಾವ ಚೌಕದಲ್ಲೂ ಬೇಡ. ಕೌದಿ ಅಂದಮೇಲೆ ಕಾಲು ತಗಲುತ್ತದೆ, ಮಕ್ಕಳು ಮೇಲೆ ಕುಣಿಯುತ್ತಾರೆ. ನಿಮ್ಮ ಅತ್ತೆಗೂ ಅದು ಸರಿ ಬರಲಿಕ್ಕಿಲ್ಲ. ಹಬ್ಬಕ್ಕೆ ಸಂಬಂಧಿಸಿದ ವಸ್ತು ಹಾಕಿ. ಮಗುವಿಗೆ ಗುರುತು ಸಿಗುವುದೂ ವಸ್ತುವಿನಿಂದಲೇ.

ಚೈತ್ರಕ್ಕೆ ಬೇವಿನ ಗೊಂಚಲು ಇರಲಿ. ಹಸಿರು ಎಲೆಗಳನ್ನು ಬಟ್ಟೆಯಲ್ಲಿ ಮಾಡಿ, ಬಿಳಿ ಹೂವನ್ನು ದಾರದ ಗಂಟಿನಲ್ಲೇ ತೋರಿಸಬಹುದು. ವೈಶಾಖಕ್ಕೆ ಮಾವಿನಕಾಯಿ. ಜ್ಯೇಷ್ಠದಲ್ಲಿ ಕಾರಹುಣ್ಣಿಮೆ, ಅಂದರೆ ಬಣ್ಣ ಹಚ್ಚಿದ ಎತ್ತಿನ ಕೋಡು. ಇಡೀ ಎತ್ತು ಕತ್ತರಿಸಲು ಹೋಗಬೇಡಿ. ಎರಡು ಕೋಡು, ಅವುಗಳಿಗೆ ಕಟ್ಟಿದ ಕೋಡುಬಳೆ, ಹಣೆಗೊಂದು ಗೊಂಡೆ ಇದ್ದರೆ ಸಾಕು. ಮಣ್ಣೆತ್ತಿನ ಅಮಾವಾಸ್ಯೆ ಜ್ಯೇಷ್ಠದ ಕೊನೆಯ ದಿನದ್ದು ನಿಜ, ಆದರೂ ಆ ಪುಟ್ಟ ಎತ್ತುಗಳ ಜೋಡಿಯನ್ನು ಆಷಾಢದ ಚೌಕಕ್ಕೇ ಕೊಟ್ಟುಬಿಡಿ. ಮಗಳಿಗೆ ಇಷ್ಟವಾದದ್ದು ಅದೇ ಅಲ್ವಾ. ಅದಕ್ಕೆ ಮಾತ್ರ ಕಂದು ಬಣ್ಣದ ಬಟ್ಟೆಯನ್ನೇ ಹುಡುಕಿ.

ಶ್ರಾವಣದ ಪಂಚಮಿಗೆ ಜೋಕಾಲಿ. ಮರದ ಕೊಂಬೆ ಬಟ್ಟೆಯದು, ಹಗ್ಗ ಮಾತ್ರ ದಪ್ಪ ದಾರದ್ದು. ಭಾದ್ರಪದಕ್ಕೆ ಜೋಕುಮಾರನ ಬುಟ್ಟಿ. ಬುಟ್ಟಿ ಮತ್ತು ಸುತ್ತಲಿನ ಬೇವಿನ ಸೊಪ್ಪು ಅಷ್ಟೇ ಸಾಕು. ಮಳೆ ತರುವವನ ಕಥೆಯನ್ನು ಅಜ್ಜಿಯೇ ಹೇಳಲಿ. ಆಶ್ವೀಜಕ್ಕೆ ಬನ್ನಿ, ಕಾರ್ತಿಕಕ್ಕೆ ಹಣತೆ. ಮಾರ್ಗಶಿರದ ಕೊನೆಗೆ ಎಳ್ಳಮಾವಾಸ್ಯೆ, ಹೊಲದಲ್ಲಿ ಚರಗ ಚೆಲ್ಲುವ, ಅಂದರೆ ಭೂಮಿತಾಯಿಗೆ ನೈವೇದ್ಯದ ಅಡುಗೆ ಎರಚುವ ದಿನ. ಅಲ್ಲಿ ಜೋಳದ ತೆನೆ ಮತ್ತು ಬುತ್ತಿಯ ಗಂಟು ಬರಲಿ. ಪುಷ್ಯದ ಸಂಕ್ರಾಂತಿಗೆ ಕಬ್ಬು. ಹಸಿರು ಅಂಚಿನ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿದರೆ ಕಬ್ಬು ತಯಾರ್. ಮಾಘದ ಭಾರತ ಹುಣ್ಣಿಮೆಗೆ ಜನ ಸವದತ್ತಿಗೆ ಬಂಡಿ ಕಟ್ಟಿಕೊಂಡು ಹೋಗುತ್ತಾರೆ, ಹಾಗಾಗಿ ಒಂದು ಬಂಡಿಯ ಗಾಲಿ. ಫಾಲ್ಗುಣದ ಹೋಳಿ ಹಬ್ಬಕ್ಕೆ ಬಾರಿಸುವ ಹಲಗೆ. ಅದು ಬರೀ ಒಂದು ದುಂಡು, ಎರಡು ಕಡ್ಡಿ.

ಬಣ್ಣಗಳನ್ನು ತಿಂಗಳಿಗೆ ತಕ್ಕಂತೆ ಹೊಂದಿಸಬಹುದು. ಮಳೆಗಾಲದ ಚೌಕಗಳ ಹಿನ್ನೆಲೆಗೆ ಹಸಿರು ಒಡಲು, ಬೇಸಿಗೆಗೆ ದಾಳಿಂಬೆ ಬಣ್ಣ, ಚಳಿಗಾಲಕ್ಕೆ ಕಪ್ಪು ಅಥವಾ ನೀಲಿ ಚೌಕಡಿ. ಹೀಗೆ ಮಾಡಿದರೆ ದೂರದಿಂದ ನೋಡಿದಾಗಲೂ ವರ್ಷ ಸರಿದದ್ದು ಕಾಣುತ್ತದೆ.

ಆಕಾರಗಳಿಗೆ ಅಚ್ಚು ಬೇಕು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾರ್ಡ್ ಇದಕ್ಕೆ ಬಹಳ ಚೆನ್ನ. ಕಾರ್ಡನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆಯಿರಿ, ಗೆರೆಗಿಂತ ಕಾಲು ಇಂಚು ಹೊರಗೆ ಕತ್ತರಿಸಿ, ಆ ಕಾಲು ಇಂಚನ್ನು ಒಳಗೆ ಮಡಚಿ ಹೊಲಿಯಿರಿ. ಒಳಬಾಗಿದ ತಿರುವಿನಲ್ಲಿ ಸಣ್ಣ ಸಣ್ಣ ಕತ್ತರಿ ಗುರುತು ಕೊಡದಿದ್ದರೆ ಬಟ್ಟೆ ಮಡಚಲು ಒಪ್ಪುವುದಿಲ್ಲ. ಗೆರೆಗೆ ಸವೆದ ಸೋಪಿನ ತೆಳು ಚೂರು ಸಾಕು, ಒಗೆದರೆ ಹೋಗುತ್ತದೆ. ಪೆನ್ನು ಮುಟ್ಟಬೇಡಿ.

ಕಾಜಾ_ಗುಂಡಿ:

ನಾನು ದಾವಣಗೆರೆಯಲ್ಲಿ ಟೈಲರ್. ಬಟ್ಟೆ ಕತ್ತರಿಸುವ ಮುಂಚೆ ಒಂದೆರಡು ಮಾತು ಕೇಳಿ ಮೇಡಂ.

ಪ್ರತಿ ಸೀರೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸೊಂಟಕ್ಕೆ ಸಿಕ್ಕಿಸುವ ಭಾಗ ಮತ್ತು ಹಿಮ್ಮಡಿಗೆ ತಗಲುವ ಕೆಳ ಅಂಚು ಬೇಗ ಸವೆದಿರುತ್ತವೆ. ನೆರಿಗೆಯ ಒಳಗಿನ ಭಾಗ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಎರಡು ಹೆಬ್ಬೆರಳಿನಿಂದ ಅಡ್ಡ, ಉದ್ದ ಎರಡೂ ಕಡೆ ಜಗ್ಗಿ. ಎಳೆ ಸರಿದು ಬೆಳಕು ಕಂಡರೆ ಆ ಭಾಗವನ್ನು ಮೇಲಿನ ಚೌಕಕ್ಕೆ ಬಳಸಬೇಡಿ, ಒಳಪದರಕ್ಕೆ ಇಡಿ.

ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸಿ ನೇಯ್ದಿರುತ್ತಾರೆ. ಕತ್ತರಿಸುವಾಗ ಆ ಕೊಂಡಿಯ ಸಾಲು ಚೌಕದ ನಡುವೆ ಬರದ ಹಾಗೆ ನೋಡಿಕೊಳ್ಳಿ. ಸೆರಗು ರೇಷ್ಮೆ ಅಥವಾ ಆರ್ಟ್ ಸಿಲ್ಕ್, ಒಡಲು ಹತ್ತಿ. ನೀರಿನಲ್ಲಿ ಎರಡೂ ಒಂದೇ ಥರ ಕುಗ್ಗುವುದಿಲ್ಲ, ಇಸ್ತ್ರಿಯ ಬಿಸಿಯೂ ಒಂದೇ ಅಲ್ಲ. ಸೇರಿಸಬಾರದು ಅಂತಲ್ಲ. ಸೆರಗಿನ ತುಂಡಿನ ಹಿಂದೆ ತೆಳುವಾದ ಪೇಸ್ಟಿಂಗ್ ಬಟ್ಟೆ (ಬಿಸಿಗೆ ಅಂಟಿಕೊಳ್ಳುವಂಥದ್ದು) ಇಟ್ಟು, ಕಡಿಮೆ ಬಿಸಿಯಲ್ಲಿ, ಮೇಲೊಂದು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಒತ್ತಿ. ಆಮೇಲೆ ಅದು ಹತ್ತಿಯ ಜೊತೆ ಹೊಂದಿಕೊಂಡು ನಿಲ್ಲುತ್ತದೆ. ಖಣಕ್ಕೂ ಇದೇ ಉಪಾಯ, ಯಾಕಂದರೆ ಖಣ ಕತ್ತರಿಸಿದ ತಕ್ಷಣ ಅಂಚಿನ ಎಳೆ ಬಿಚ್ಚಲು ಶುರುವಾಗುತ್ತದೆ. ಬೆಂಗಳೂರಿನಲ್ಲಿ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನಲ್ಲಿ ಪೇಸ್ಟಿಂಗ್, ದಾರ, ಸೂಜಿ ಎಲ್ಲಾ ಸಿಗುತ್ತವೆ.

ಬಣ್ಣ ಬಿಡುತ್ತದೆಯೋ ಇಲ್ಲವೋ ಅಂತ ಮೊದಲೇ ನೋಡಿಬಿಡಿ. ಕೆಂಪು ಸೆರಗಿನ ಮೂಲೆ ಒದ್ದೆ ಮಾಡಿ, ಬಿಳಿ ಧೋತರದ ಚೂರು ಮೇಲಿಟ್ಟು ಇಸ್ತ್ರಿ ಒತ್ತಿದರೆ ತಿಳಿಯುತ್ತದೆ. ಬಿಳಿಗೆ ಕೆಂಪು ಹತ್ತಿದರೆ ಆ ಸೆರಗನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ಒಗೆಯಿರಿ. ಆದರೂ ಬಿಟ್ಟರೆ ಕೌದಿಗೆ ಹಾಕಬೇಡಿ, ಬೇರೆ ಯಾವುದಕ್ಕಾದರೂ ಇರಲಿ.

ಕಾಲು ಮಷಿನ್ ಚೌಕ ಜೋಡಿಸಲು ಸಾಕಾದಷ್ಟು ಆಯಿತು. ನೇರ ಹೊಲಿಗೆ ತಾನೇ ಬೇಕಾಗಿರುವುದು. ಆದರೆ ಅದರಲ್ಲಿ ಜಿಗ್‌ಜಾಗ್ ಬರುವುದಿಲ್ಲ, ಹಾಗಾಗಿ ಚಿತ್ರಗಳ ಅಂಚು ಕೈಯಲ್ಲೇ ಹೊಲಿಯಿರಿ. ತೆಳು ಬಟ್ಟೆಗೆ 14ನೇ ನಂಬರ್ ಸೂಜಿ, ಪದರ ಜಾಸ್ತಿಯಾದರೆ 16. ಹೊಲಿಗೆಯ ಅಂಚಿಗೆ ಎಲ್ಲಾ ಕಡೆ ಕಾಲು ಇಂಚು ಬಿಡಿ, ಒಂದು ಚೌಕಕ್ಕೆ ಕಾಲು ಇನ್ನೊಂದಕ್ಕೆ ಅರ್ಧ ಆದರೆ ಮೂಲೆಗಳು ಕೂಡುವುದೇ ಇಲ್ಲ.

ಕಾಳಿ_ದಂಡೆ:

ನಮ್ಮದು ಹಳಿಯಾಳದ ಕಡೆ. ಇಷ್ಟೆಲ್ಲಾ ಅಳತೆ ನೋಡಿ ಹೆದರಬೇಡಿ ಅಕ್ಕಾ, ಅಳತೆಯೇ ಇಲ್ಲದ ದಾರಿಯೂ ಒಂದಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯನ್ನು ಒಮ್ಮೆ ನೋಡಿ. ಅವರು ಚೌಕಗಳನ್ನು ಮೊದಲು ಜೋಡಿಸಿ ಆಮೇಲೆ ಪದರ ಹಾಕುವುದಿಲ್ಲ. ಕೆಳಗೆ ಒಂದು ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ತುಂಡು ಇಡುತ್ತಾ, ತುಂಡಿನ ಅಂಚು ಒಳಗೆ ಮಡಚುತ್ತಾ, ಎಲ್ಲಾ ಪದರಗಳನ್ನೂ ಸೇರಿಸಿ ಹೊಲಿಯುತ್ತಾ ಸುತ್ತಲೂ ಹೋಗುತ್ತಾರೆ. ಸುತ್ತು ಸುತ್ತಾಗಿ ಒಳಗೆ ಬಂದು ನಡುವೆ ಮುಗಿಯುತ್ತದೆ. ಜೋಡಿಸುವುದು, ಪದರ ಹಿಡಿಸುವುದು, ಅಂಚು ಕಟ್ಟುವುದು ಎಲ್ಲಾ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ಹೊರ ಅಂಚನ್ನು ಶುರುವಿನಲ್ಲೇ ಒಳಗೆ ಮಡಚಿರುವುದರಿಂದ ಪೈಪಿಂಗ್ ಕೂಡ ಬೇಕಿಲ್ಲ.

ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಪದರ ಪದರವಾಗಿ ಇಡುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ. ಫೂಲ ಇಲ್ಲದ ಕವಂದಿ ಪೂರ್ತಿಯಾದಂತೆ ಕಾಣುವುದಿಲ್ಲ. ಕ್ರೈಸ್ತ ಸಿದ್ದಿಗಳ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದ್ದರಲ್ಲಿ ಅರ್ಧಚಂದ್ರ ಬರುವುದುಂಟು. ನಡುವಿನ ಕೊನೆಯ ತೇಪೆ ಮುಚ್ಚುವ ಮುಂಚೆ ಕೆಲವರು ನಾಲ್ಕು ಅಕ್ಕಿಕಾಳು ಒಳಗೆ ಹಾಕಿ ಅದರ ಹೊಟ್ಟೆ ತುಂಬಿಸುತ್ತಾರೆ. ನನಗೆ ಇದು ಬಹಳ ಇಷ್ಟವಾದ ಪದ್ಧತಿ.

ನಿಮಗೆ ಯಾಕೆ ಹೇಳಿದೆ ಅಂದರೆ, ಹನ್ನೆರಡು ಚಿತ್ರ ಬೇಕು ಅಂದಮಾತ್ರಕ್ಕೆ ಹನ್ನೆರಡೂ ಒಂದೇ ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು ಅಂತೇನಿಲ್ಲ. ನಾನಾದರೆ ಅತ್ತೆಯ ಸೀರೆಗಳನ್ನು ಅಷ್ಟು ಚಿಕ್ಕದಾಗಿ ಕತ್ತರಿಸುವುದಿಲ್ಲ. ಬಟ್ಟೆ ಹರಿದ ಕಡೆ ಹರಿಯಲಿ, ತುಂಡು ದೊಡ್ಡದೋ ಚಿಕ್ಕದೋ ಇದ್ದ ಹಾಗೇ ಇರಲಿ, ತಿಂಗಳುಗಳು ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವೆ ಬಂದು ಸೇರಲಿ. ಮಗು ಕೌದಿಯನ್ನು ತಿರುಗಿಸುತ್ತಾ ಕಥೆ ಕೇಳುತ್ತದೆ.

ಕಾಜಾ_ಗುಂಡಿ:

ಚೆಂದ ಇದೆ, ಒಪ್ಪುತ್ತೇನೆ. ಆದರೆ ಅದು ಪೂರ್ತಿ ಕೈಕೆಲಸ, ಕಣ್ಣಳತೆ ಪಳಗಿರಬೇಕು. ಮೊದಲ ಸಲ ಮಾಡುವವರಿಗೆ ಚೌಕ ಸುಲಭ. ಒಂದು ಚೌಕ ಕೆಟ್ಟರೆ ಅದೊಂದನ್ನೇ ಬಿಚ್ಚಿ ಬೇರೆ ಮಾಡಬಹುದು. ಸಮಯ ಸಿಕ್ಕಾಗ ಒಂದೊಂದೇ ಮಾಡಿ ಎತ್ತಿಡಬಹುದು.

ಕಾಳಿ_ದಂಡೆ:

ಅದೂ ಸರಿ ಅಣ್ಣಾ. ಹಾಗಿದ್ದರೆ ನಾದಿನಿಯ ಕೂಸಿಗೆ ಚಿಕ್ಕದೊಂದನ್ನು ನಮ್ಮ ಕಡೆಯ ಥರ ಮಾಡಿ ನೋಡಲಿ. ಒಂದೂವರೆ ಮೊಳ ಅಗಲ, ಎರಡು ಮೊಳ ಉದ್ದ ಸಾಕು.

ಹಿಮದ_ಊರಿನ_ಹುಬ್ಬಳ್ಳಿಯಾಕಿ:

ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಇಲ್ಲಿ ಕ್ವಿಲ್ಟ್ ಹೊಲಿಯುವವರ ಗುಂಪಿನಲ್ಲಿ ಕಲಿತೆ. ಒಳಗೆ ಏನು ಹಾಕಬೇಕು ಅಂತ ಕೇಳಿದ್ದೀರಿ. ಇಲ್ಲಿಯವರು ಮೇಲಿನ ಜೋಡಣೆ, ಕೆಳಗಿನ ಬಟ್ಟೆ, ಇವೆರಡರ ನಡುವೆ ಹತ್ತಿಯ ಬ್ಯಾಟಿಂಗ್ ಎಂಬ ಹಾಳೆಯಂಥ ಪದರ ಇಡುತ್ತಾರೆ. ನಿಮಗೆ ಅದು ಬೇಡವೇ ಬೇಡ ಅಂತ ನನ್ನ ಅನಿಸಿಕೆ. ಬೆಂಗಳೂರಿನ ಚಳಿಗೆ ಎರಡು ಹಳೆಯ ಧೋತರ ಒಳಗೆ ಹಾಕಿದರೆ ಧಾರಾಳ ಆಯಿತು. ಮಾವನವರ ಬಟ್ಟೆಯೂ ಒಳಗೆ ಸೇರಿದ ಹಾಗಾಯಿತು. ಧೋತರ ಹಾಕುವುದಾದರೆ ಹೊಲಿಗೆಯ ಸಾಲುಗಳು ಹತ್ತಿರ ಹತ್ತಿರ ಇರಬೇಕು, ಎರಡು ಬೆರಳಿನ ಅಂತರ ಸರಿ. ಸಾಲು ದೂರವಾದರೆ ನಾಲ್ಕಾರು ಸಲ ಒಗೆಯುವಷ್ಟರಲ್ಲಿ ಒಳಗಿನ ಬಟ್ಟೆ ಮುದ್ದೆಯಾಗಿ ಒಂದು ಕಡೆ ಸರಿಯುತ್ತದೆ.

ಪದರಗಳನ್ನು ಹಿಡಿಸುವ ಹೊಲಿಗೆಯನ್ನು ಕೈಯಲ್ಲೇ ಹಾಕಿ ಅಂತ ನಾನೂ ಹೇಳುತ್ತೇನೆ. ಸಾಮಾನ್ಯ ಮಷಿನ್ನಿನ ಹಲ್ಲು ಕೆಳಗಿನ ಪದರವನ್ನು ಮುಂದೆ ಎಳೆಯುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ, ನಿರಿಗೆ ಬೀಳುತ್ತದೆ. ಅದನ್ನು ತಪ್ಪಿಸಲು ವಾಕಿಂಗ್ ಫುಟ್ ಅಂತ ಬೇರೆ ಪಾದ ಇದೆ, ಆದರೆ ಕಾಲು ಮಷಿನ್ನುಗಳಿಗೆ ಅದು ಸುಲಭವಾಗಿ ಹೊಂದುವುದಿಲ್ಲ. ಕಸೂತಿಗೆ ಬಳಸುವ ಲಡಿ ದಾರದಲ್ಲಿ ಆರು ಎಳೆ ಇರುತ್ತವೆ, ಅದರಲ್ಲಿ ಮೂರು ಎಳೆ ತೆಗೆದುಕೊಂಡರೆ ಹೊಲಿಗೆ ಎದ್ದು ಕಾಣುತ್ತದೆ. ಕೌದಿಗೆ ಅಂದ ಬರುವುದೇ ಆ ಸಾಲುಗಳಿಂದ.

ಈಗ ಕೂಸಿನ ವಿಷಯ, ದಯವಿಟ್ಟು ಗಮನ ಕೊಡಿ. ಒಂದು ವರ್ಷದೊಳಗಿನ ಕೂಸು ಮಲಗಿದಾಗ ಹತ್ತಿರ ಸಡಿಲವಾದ ಹೊದಿಕೆ, ದಿಂಬು ಇಡಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಮುಖದ ಮೇಲೆ ಬಂದರೆ ಉಸಿರು ಕಟ್ಟುವ ಅಪಾಯ. ಹಾಗಾಗಿ ಚಿಕ್ಕ ಕೌದಿ ಮಾಡಿ ಖಂಡಿತ ಕೊಡಿ, ಆದರೆ ಎಚ್ಚರವಿದ್ದಾಗ ನೆಲದ ಮೇಲೆ ಹಾಸಿ ಆಡಿಸಲು ಅಂತ ಹೇಳಿಯೇ ಕೊಡಿ. ಗುಂಡಿ, ಮಣಿ, ಕನ್ನಡಿ, ಗೆಜ್ಜೆ ಯಾವುದನ್ನೂ ಹೊಲಿಯಬೇಡಿ. ಕೂಸು ಎಲ್ಲವನ್ನೂ ಬಾಯಿಗೆ ಹಾಕುತ್ತದೆ.

ಧಾರವಾಡದ_ಸೂಜಿ:

ಕೂಸಿಗೆ ಕುಂಚಿಗೆಯನ್ನೂ ಹೊಲಿಯಿರಿ! ಖಣದ ಚೂರುಗಳು ಇರುವುದೇ ಅದಕ್ಕೆ. ತಲೆಗೆ ಟೊಪ್ಪಿಗೆ, ಹಿಂದೆ ಬೆನ್ನಿನವರೆಗೆ ಇಳಿಯುವ ಬಟ್ಟೆ. ಒಳಗೆ ಮೆತ್ತನೆಯ ಹಳೆಯ ಹತ್ತಿಯ ಅಸ್ತರ ಕೊಡಲೇಬೇಕು, ಖಣ ನೇರವಾಗಿ ಕೂಸಿನ ಕಿವಿಗೆ ತಗಲಿದರೆ ಚುಚ್ಚುತ್ತದೆ. ಗದ್ದದ ಕೆಳಗೆ ಉದ್ದ ಲಾಡಿ ಬೇಡ. ಎತ್ತಿಕೊಂಡು ಹೊರಗೆ ಹೋಗುವಾಗ ಹಾಕಿ, ಮಲಗಿಸುವಾಗ ತೆಗೆಯಲಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುವ ಮನೆಯವರಾದರೆ ಈಗ ಕತ್ತರಿಸಿಟ್ಟುಕೊಳ್ಳಿ, ಹೊಲಿಗೆ ಆಮೇಲೆ ಹಾಕಿದರಾಯಿತು.

ಮನೆಯ ಉಳಿದವರಿಗೂ ಸಣ್ಣ ಸಣ್ಣ ಕೆಲಸ ಬಹಳ ಇವೆ. ಅತ್ತೆಗೆ ಒಂದು ಎಲೆ ಅಡಿಕೆ ಸಂಚಿ, ಒಳಗೆ ಎರಡು ಮೂರು ಅರೆ ಇರುವಂಥದ್ದು. ಎಲೆ ಹಾಕದಿದ್ದರೂ ಮಾತ್ರೆ, ಚಿಲ್ಲರೆ ಇಟ್ಟುಕೊಳ್ಳುತ್ತಾರೆ. ಧೋತರದ ದುಂಡು ತುಂಡಿಗೆ ಸೀರೆಯ ಅಂಚು ಕೊಟ್ಟರೆ ರೊಟ್ಟಿ ಬುಟ್ಟಿಯ ಬಟ್ಟೆಯಾಗುತ್ತದೆ, ಬಿಸಿ ರೊಟ್ಟಿ ಬೆವರುವುದಿಲ್ಲ. ಬಣ್ಣ ಬಿಡುವ ಸೆರಗನ್ನು ಏನು ಮಾಡಲಿ ಅಂದರೆ, ಒಗೆಯದ ವಸ್ತು ಮಾಡಿ. ಬಾಗಿಲ ತೋರಣ ಆಗಬಹುದು.

ಕೆಂಪು_ಸೆರಗು:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಚೌಕಗಳನ್ನೇ ಮಾಡುತ್ತೇನೆ. ಕವಂದಿಯ ಥರದ್ದು ನಾದಿನಿಯ ಕೂಸಿಗೆ. ದೇವರ ಮೂರ್ತಿ ಬೇಡ ಎಂಬ ಮಾತನ್ನು ಫೋನಿನಲ್ಲಿ ಅತ್ತೆಗೆ ಹೇಳಿದೆ, ತಕ್ಷಣ ಒಪ್ಪಿದರು. ಬಂಡಿಯ ಗಾಲಿಗೆ ಇಂಥದ್ದೇ ಸೀರೆ ಅಂತ ಅವರೇ ಆರಿಸಿದ್ದಾರೆ. ಅವರು ಮದುವೆಯಾಗಿ ಬಂದ ವರ್ಷ ಸವದತ್ತಿಗೆ ಉಟ್ಟುಕೊಂಡು ಹೋದದ್ದಂತೆ. ಈ ವಿಷಯ ನನ್ನ ಗಂಡನಿಗೂ ಗೊತ್ತಿರಲಿಲ್ಲ!

ಒಂದೇ ಪ್ರಶ್ನೆ ಉಳಿದಿದೆ. ಚೌಕ 12 ಇಂಚು, ನಡುವೆ 2 ಇಂಚಿನ ಪಟ್ಟಿ, ಸುತ್ತ 5 ಇಂಚು ಸೀರೆಯ ಅಂಚು ಅಂದುಕೊಂಡಿದ್ದೆ. ಅಡ್ಡ ಮೂರು, ಉದ್ದ ನಾಲ್ಕು. ಲೆಕ್ಕ ಹಾಕಿದರೆ 50 ಇಂಚು ಅಗಲ, 64 ಇಂಚು ಉದ್ದ ಬರುತ್ತದೆ. ಕೆಳಗೆ ಹಾಸಬೇಕೆಂದಿರುವ ಸೀರೆ 46 ಇಂಚು ಅಗಲ ಇದೆ. ಜೋಡು ಹಾಕಲೇಬೇಕಾ?

ಕಾಜಾ_ಗುಂಡಿ:

ಜೋಡು ಬೇಡ, ಚೌಕವನ್ನು ಚಿಕ್ಕದು ಮಾಡಿ. 10 ಇಂಚಿನ ಚೌಕ, 2 ಇಂಚಿನ ಪಟ್ಟಿ, ಸುತ್ತ 4 ಇಂಚು ಅಂಚು ಇಟ್ಟರೆ ಅಗಲ 42, ಉದ್ದ 54 ಆಗುತ್ತದೆ. ಐದು ವರ್ಷದ ಮಗುವಿಗೆ ಭರ್ತಿ ಸಾಕು. ಚೌಕ ಕತ್ತರಿಸುವಾಗ ಹತ್ತೂವರೆ ಇಂಚು, ಪಟ್ಟಿ ಎರಡೂವರೆ, ಅಂಚು ನಾಲ್ಕೂವರೆ, ಹೊಲಿಗೆಗೆ ಹೋಗುವುದೂ ಸೇರಿ. ಕೆಳಗಿನ ಸೀರೆ ಎರಡೂ ಬದಿಗೆ ಎರಡೆರಡು ಇಂಚು ಹೆಚ್ಚು ಉಳಿಯುತ್ತದೆ. ಹೊಲಿಯುವಾಗ ಬಟ್ಟೆ ಸ್ವಲ್ಪ ಒಳಗೆ ಸರಿಯುತ್ತದೆ, ಅದಕ್ಕೆ ಅಷ್ಟು ಬೇಕು. ಎಲ್ಲಾ ಮುಗಿದ ಮೇಲೆ ಆ ಹೆಚ್ಚಿನ ಬಟ್ಟೆಯನ್ನೇ ಮೇಲಕ್ಕೆ ಎರಡು ಮಡಿಕೆ ಮಡಚಿ ಹೊಲಿದರೆ ಪೈಪಿಂಗ್ ಆಯಿತು.

ಧಾರವಾಡದ_ಸೂಜಿ:

ಪದರ ಹಾಸುವಾಗ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಭಾರ ಇಡಿ. ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಂಡ ಮೇಲೆಯೇ ಎತ್ತಿ. ಇನ್ನೊಂದು, ಮೊದಲ ಸಲ ತಣ್ಣೀರಿನಲ್ಲಿ ಅದೊಂದನ್ನೇ ಒಗೆಯಿರಿ. ಒದ್ದೆ ಕೌದಿ ವಿಪರೀತ ಭಾರ, ಒಂದೇ ತಂತಿಗೆ ನೇತುಹಾಕಿದರೆ ಹೊಲಿಗೆ ಜಗ್ಗುತ್ತದೆ. ಎರಡು ತಂತಿಯ ಮೇಲೆ ಹರಡಿ, ನೆರಳಿನಲ್ಲಿ ಒಣಗಿಸಿ. ಎಳ್ಳಮಾವಾಸ್ಯೆಯ ಚೌಕ ಆದಾಗ ಫೋಟೋ ಹಾಕಿ, ಜೋಳದ ತೆನೆಗೆ ಯಾವ ಬಟ್ಟೆ ಹಿಡಿದಿರಿ ಅಂತ ನೋಡಬೇಕು.